ಮಕ್ಕಳಿಲ್ಲದ ಬೈನೆ

(ಉಡುಪಿಯ ಕಾಲೇಜೊಂದರಲ್ಲಿ ಮಳೆಗಾಲದ ಒಂದು ಶನಿವಾರ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯವರು ನಡುವೆ ಕೇಳಿದ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಈ ಮೇಜಿನ ಮೇಲಿರುವುದು ಅಡಿಕೆ ಮರದ ತುಂಡು. ಹೋದ ವಾರದ ಗಾಳಿಗೆ ನಮ್ಮ ತೋಟದಲ್ಲಿ ಬಿದ್ದದ್ದು, ಒಂದು ಮೊಳದಷ್ಟು ಕತ್ತರಿಸಿ ತಂದೆ. ಮುಂದಿನ ಸಾಲಿನವರು ಕೈಯಲ್ಲಿ ಹಿಡಿದು ನೋಡಿ ಹಿಂದಕ್ಕೆ ದಾಟಿಸಿ. ಮೈಗೆ ಬಳೆ ತೊಡಿಸಿದ ಹಾಗೆ ಗೀರುಗಳಿವೆಯಲ್ಲ, ಒಂದೊಂದೂ ಒಂದೊಂದು ಸೋಗೆ ಕಳಚಿದ ಗುರುತು. ವರ್ಷಕ್ಕೆ ಹೆಚ್ಚುಕಡಿಮೆ ಆರೇಳು ಸೋಗೆ ಬೀಳುತ್ತದೆ. ಬೆರಳು ಮಡಚಿ ಎಣಿಸಿದರೆ ಈ ಒಂದು ಮೊಳ ಬೆಳೆಯಲು ಮರ ಎಷ್ಟು ವರ್ಷ ತೆಗೆದುಕೊಂಡಿತು ಎಂದು ಇಲ್ಲೇ ಕುಳಿತು ಹೇಳಬಹುದು. ಎಳೆ ಪ್ರಾಯದಲ್ಲಿ ಗೀರುಗಳು ದೂರ ದೂರ, ಪ್ರಾಯ ಸಂದ ಹಾಗೆ ಒತ್ತೊತ್ತು. ಅಡಿಕೆಗೆ ಏರುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇನ್ನು ಕತ್ತರಿಸಿದ ಮುಖ ನೋಡಿ. ಹಲಸಿನ ಕೊರಡಿನಲ್ಲಿ ಕಾಣುವಂಥ ಸುತ್ತುಗಳು ಇಲ್ಲಿಲ್ಲ, ಬರೀ ನಾರಿನ ಚುಕ್ಕೆಗಳು. ಹಲಸು ಮಾವುಗಳಿಗೆ ತೊಗಟೆಯ ಕೆಳಗೆ ವರ್ಷ ವರ್ಷ ಹೊಸ ಮರ ಕಟ್ಟುವ ಪದರ ಒಂದಿದೆ. ಅಡಿಕೆ, ತೆಂಗು, ಕಾಡಿನ ಬೈನೆ ಎಲ್ಲ ಸೇರಿದ ತಾಳೆ ಕುಟುಂಬಕ್ಕೆ ಅದಿಲ್ಲ. ಸಣ್ಣ ಗಿಡವಾಗಿ ನೆಲಮಟ್ಟದಲ್ಲೇ ವರ್ಷಗಟ್ಟಲೆ ಕೂತು ಬುಡ ಎಷ್ಟು ದಪ್ಪ ಬೇಕೋ ಅಷ್ಟು ಮಾಡಿಕೊಂಡು ಆಮೇಲೆ ಮೇಲಕ್ಕೆ ಹೊರಡುತ್ತದೆ. ಹೊರಟ ಮೇಲೆ ಸೊಂಟ ದಪ್ಪವಾಗುವುದೂ ಇಲ್ಲ, ಮೈಗೆ ಆದ ಗಾಯ ಮಾಯುವುದೂ ಇಲ್ಲ. ತೆಂಗಿನ ಮರಕ್ಕೆ ಏರಲು ಹಾಕಿದ ಕಚ್ಚು ಅಜ್ಜನ ಕಾಲದ್ದಾದರೂ ಇವತ್ತಿಗೂ ಕಚ್ಚಾಗಿಯೇ ಇರುತ್ತದೆ. ಮತ್ತೆ ಕಾಂಡ ಒಂದಕ್ಕೆ ಸುಳಿ ಒಂದೇ. ಸುಳಿಕೊಳೆ ಬಂದ ತೋಟ ಕಂಡವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಸುಳಿ ಹೋದರೆ ಮರ ಹೋಯಿತು. ಪಕ್ಕದಿಂದ ಚಿಗುರೀತು ಎಂದು ಕಾಯುವ ಹಾಗಿಲ್ಲ.

ಇವತ್ತಿನ ನನ್ನ ಮಾತಿಗೆಲ್ಲ ಇದೇ ಬುಡ: ದಪ್ಪವಾಗದ, ಗಾಯ ಮಾಯದ, ಒಂದೇ ಸುಳಿಯ ಮರ. ಇಂಥ ಮರ ಇರುವ ಕಾಡಿಗೆ ಮನುಷ್ಯ ಹೋದರೆ ಏನಾಗುತ್ತದೆ?

ನಮ್ಮ ಜಿಲ್ಲೆಗಳಲ್ಲಿ ಈ ಪ್ರಶ್ನೆ ಕೇಳುವುದೇ ತಮಾಷೆ ಎನಿಸೀತು. ಮಂಗಳೂರಿಗೆ ವಿಮಾನದಲ್ಲಿ ಬಂದಿಳಿಯುವವರಿಗೆ ಮೊದಲು ಕಾಣುವುದೇ ತೆಂಗಿನ ತಲೆಗಳು. ಘಟ್ಟದ ಬುಡಕ್ಕೆ ಹೋದರೆ ಅಡಿಕೆ ಬಿಟ್ಟರೆ ಬೇರೆ ಇಲ್ಲ. ನಾಗನ ತಂಬಿಲಕ್ಕೆ ಹಿಂಗಾರ, ಕೋಲಕ್ಕೆ ತೆಂಗಿನ ಸಿರಿ, ಊಟಕ್ಕೆ ಹಾಳೆ ತಟ್ಟೆ, ಅಂಗಳಕ್ಕೆ ಹಿಡಿಸೂಡಿ: ಹುಟ್ಟಿನಿಂದ ಕೊನೆಯವರೆಗೂ ನಾವು ತಾಳೆ ಕುಟುಂಬದವರೇ. ಆದರೆ ಅಡಿಕೆ ಮೂಲತಃ ಆಗ್ನೇಯ ಏಷ್ಯಾದ ಕಡೆಯದು. ತೆಂಗು ಕಡಲ ದಾರಿಯಲ್ಲಿ ಎಷ್ಟು ತಿರುಗಿದೆ ಎಂದರೆ ಅದರ ತವರು ಯಾವುದೆಂದು ಹೇಳುವುದೇ ಒಂದು ವಿದ್ಯೆಯಾಗಿದೆ. ಎರಡನ್ನೂ ನಾವು ನೆಟ್ಟು ಸಾಕಿದ್ದು. ನಾವು ನೆಡದೆ ಇಲ್ಲಿನ ಕಾಡಿನಲ್ಲಿ ತಾವಾಗಿ ಬೆಳೆದವು ಬೇರೆ: ಬೈನೆ, ಕಾಡಡಿಕೆ, ಈಚಲು, ಮತ್ತೆ ಬೆತ್ತ. ಹೌದು, ಬೆತ್ತವೂ ತಾಳೆ ಕುಟುಂಬದ್ದೇ, ಮರ ಹತ್ತುವ ತಾಳೆ. ಪಶ್ಚಿಮ ಘಟ್ಟದಲ್ಲೇ ಸುಮಾರು 20 ಬಗೆಯ ಬೆತ್ತಗಳಿವೆ. ನನ್ನ ಪ್ರಾಯದವರಿಗೆ ಅವುಗಳಲ್ಲಿ ಒಂದರ ಪರಿಚಯ ಶಾಲೆಯಲ್ಲೇ ಆಗಿದೆ, ಅಂಗೈಯಲ್ಲಿ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಓದುವ ಕಾಲದಲ್ಲಿ ಹೆಬ್ರಿಯಿಂದ ಸೋಮೇಶ್ವರದ ಕಡೆಗೆ ಹೋಗುವ ದಾರಿಯ ಪಕ್ಕದ ಕಾಡಿನಲ್ಲಿ ಗೆಳೆಯರು ಸೇರಿ ಮರ ಎಣಿಸಿದ್ದೆವು. ಹಗ್ಗ ಕಟ್ಟಿ ಚೌಕ ಮಾಡುವುದು, ಒಳಗಿನ ಮರಗಳ ಸುತ್ತಳತೆ ಬರೆದುಕೊಳ್ಳುವುದು. ಬೈನೆ ಬೇಕಾದಷ್ಟು ಸಿಕ್ಕಿತು. ಪಟ್ಟಿಯಲ್ಲಿ ಅದರ ಮುಂದೆ "ಸಾಮಾನ್ಯ" ಎಂದು ಬರೆದೆ. ಮೊಣಕಾಲೆತ್ತರದ ಗಿಡಗಳನ್ನು ಎಣಿಸಲಿಲ್ಲ. ಜಿಗಣೆ ಕಚ್ಚುತ್ತಿತ್ತು, ಊಟದ ಹೊತ್ತೂ ಆಗಿತ್ತು. ಎಷ್ಟೋ ವರ್ಷದ ಮೇಲೆ ಅದೇ ಜಾಗಕ್ಕೆ ಹೋದಾಗ ದೊಡ್ಡ ಮರಗಳಲ್ಲಿ ಕೆಲವು ಹೂಬಿಟ್ಟು ಒಣಗಿ ನಿಂತಿದ್ದವು. ಅವುಗಳ ಜಾಗ ತುಂಬಲು ಕೆಳಗೆ ಏನೂ ಇರಲಿಲ್ಲ. ನಾನು ಮೊದಲ ಸಲ ಬಂದಾಗಲೇ ಇದ್ದಿರಲಿಕ್ಕಿಲ್ಲ. ನೋಡಿರಲಿಲ್ಲ, ಅಷ್ಟೆ. ಮನೆಯಲ್ಲಿ ಅಜ್ಜ ಅಜ್ಜಿ ಗಟ್ಟಿಮುಟ್ಟಾಗಿದ್ದಾರೆ, ಆದ್ದರಿಂದ ವಂಶ ಬೆಳೆಯುತ್ತಿದೆ ಎಂದು ಬರೆದುಕೊಂಡ ಹಾಗೆ.

ಅದಕ್ಕೇ ನಾನು ಈಗ ಎಲ್ಲರಿಗೂ ಹೇಳುವುದು: ಕಾಡಿನ ತಾಳೆ ಹೇಗಿದೆ ನೋಡಬೇಕಾದರೆ ತಲೆ ಬಗ್ಗಿಸಿ.

ಬೈನೆಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಅದರ ಬದುಕೇ ಹಾಗಿದೆ. ಘಟ್ಟದ ಮೇಲಿನವರು ಬಗನಿ ಎನ್ನುತ್ತಾರೆ. ಮೀನಿನ ಬಾಲದ ಹಾಗೆ ತುದಿ ಹರಿದ ಎಲೆ, ಎತ್ತರದಿಂದ ಇಳಿಬಿದ್ದ ಕುದುರೆ ಬಾಲದಂಥ ಹೂಗೊಂಚಲು. ಹತ್ತು ಹದಿನೈದು ವರ್ಷ, ನೆರಳಿನಲ್ಲಾದರೆ ಇನ್ನೂ ಹೆಚ್ಚು, ಅದು ಹೂವಿನ ಯೋಚನೆಯೇ ಇಲ್ಲದೆ ದುಡಿಯುತ್ತದೆ. ದುಡಿದದ್ದನ್ನೆಲ್ಲ ಕಾಂಡದ ತಿರುಳಿನಲ್ಲಿ ಪಿಷ್ಟವಾಗಿ ಕೂಡಿಡುತ್ತದೆ. ಆಮೇಲೆ ಒಂದು ದಿನ ನೆತ್ತಿಯಲ್ಲಿ ಮೊದಲ ಗೊಂಚಲು. ಅದರ ಕೆಳಗೆ ಮುಂದಿನದು, ಅದರ ಕೆಳಗೆ ಇನ್ನೊಂದು. ಹೀಗೆ ಕೆಲವು ವರ್ಷ ಮೇಲಿನಿಂದ ಕೆಳಕ್ಕೆ ಹೂ ಬಿಡುತ್ತಾ ಬಂದು, ಕೂಡಿಟ್ಟದ್ದು ಮುಗಿದಾಗ ಮರವೂ ಮುಗಿಯುತ್ತದೆ. ಬಾಳೆಯೂ ಒಂದೇ ಗೊನೆ ಹಾಕಿ ಸಾಯುತ್ತದಲ್ಲ ಎಂದು ನೀವು ಹೇಳಬಹುದು. ಬಾಳೆಗೆ ಕಂದು ಇದೆ. ಬೈನೆಗೆ ಕಂದು ಇಲ್ಲ, ಬೀಜ ಒಂದೇ ದಾರಿ.

ಈಗ ಲೆಕ್ಕ ಹಾಕಿ. ತಿರುಳಿನಲ್ಲಿ ಪಿಷ್ಟ ಅತಿ ಹೆಚ್ಚು ಇರುವುದು ಯಾವಾಗ? ಹೂ ಬಿಡುವ ಸ್ವಲ್ಪ ಮೊದಲು. ತಿರುಳು ಕುಟ್ಟಿ ಹಿಟ್ಟು ತೆಗೆಯುವವರು ಮರ ಕಡಿಯುವುದು ಆಗಲೇ. ಬರಗಾಲದಲ್ಲಿ ಆ ಹಿಟ್ಟಿನ ಗಂಜಿಯೇ ಜನರನ್ನು ಉಳಿಸಿದ್ದೂ ಉಂಟು, ಆದ್ದರಿಂದ ನಾನು ಯಾರನ್ನೂ ಬೈಯಲು ಹೊರಟಿಲ್ಲ. ಆನೆಗೂ ಬೈನೆ ಎಂದರೆ ಪ್ರಾಣ. ಮರ ಉರುಳಿಸಿ, ಸೀಳಿ, ತಿರುಳು ತಿನ್ನುತ್ತದೆ. ಆದರೆ ಆನೆ ಒಂದು ಕಡೆ ತಿಂದು ಮುಂದಕ್ಕೆ ಹೋಗುತ್ತಿತ್ತು, ಅದರ ಕಾಡು ಅಷ್ಟು ದೊಡ್ಡದಿತ್ತು. ಕಾಡು ತುಂಡಾಗಿ ಆನೆ ಅದೇ ತುಂಡಿನಲ್ಲಿ ಸುತ್ತಿದರೆ ಲೆಕ್ಕ ಬೇರೆಯಾಗುತ್ತದೆ. ಗಟ್ಟಿ ಹೊರಮೈಯ ಕಾಂಡ ಸೀಳಿ ನೀರು ಹರಿಸುವ ದಂಬೆ ಮಾಡುವುದಕ್ಕೂ ಬಲಿತ ಮರವೇ ಬೇಕು. ಕಳ್ಳು ಇಳಿಸುವಾಗ ಹೂಗೊಂಚಲು ಅರಳುವ ಮೊದಲೇ ಅದನ್ನು ಕಟ್ಟಿ, ತಟ್ಟಿ, ತುದಿ ಕೊಯ್ಯುತ್ತಾರೆ. ಮರ ಸಾಯುವುದಿಲ್ಲ, ಆದರೆ ಆ ಗೊಂಚಲು ಕಾಯಿ ಕಟ್ಟುವುದಿಲ್ಲ. ಕಳ್ಳು ಇಳಿಸುವ ಮೂರ್ತೆ ಕಸುಬಿನವರು ಹಿಂದೆ ಒಂದು ಮರದ ಎಲ್ಲ ಗೊಂಚಲುಗಳನ್ನೂ, ಒಂದು ಊರಿನ ಎಲ್ಲ ಮರಗಳನ್ನೂ ಹಿಡಿಯುತ್ತಿರಲಿಲ್ಲ. ಕಾಡಿನೊಳಗೆ ಯಾರ ಕೈಗೂ ಸಿಗದ ಬೈನೆಗಳು ಇರುತ್ತಿದ್ದವು, ಬೀಜ ಅವು ಕೊಡುತ್ತಿದ್ದವು. ಈಗ ಕಳ್ಳು ಇಳಿಸುವವರೂ ಕಡಿಮೆ, ಆ ಒಳಕಾಡೂ ಕಡಿಮೆ.

ಬೀಜ ಆಯಿತು ಎಂದೇ ಇಟ್ಟುಕೊಳ್ಳೋಣ. ಅದು ತಾಯಿಯ ಬುಡ ಬಿಟ್ಟು ಹೋಗಬೇಕು. ಬೈನೆಯ ಕೆಂಪು ಹಣ್ಣಿನ ಸಿಪ್ಪೆಯೊಳಗೆ ಸೂಜಿಯಂಥ ಹರಳುಗಳಿವೆ, ಮುಟ್ಟಿದರೆ ಕೈ ತುರಿಸಿ ಬೆಂಕಿ. ಅದನ್ನು ಲೆಕ್ಕಿಸದೆ ತಿನ್ನುವವನು ಕಾಡುಬೆಕ್ಕು, ಪುನುಗುಬೆಕ್ಕಿನ ಬಳಗದ್ದು. ಕಳ್ಳಿನ ಮಡಕೆಗೂ ಬಾಯಿ ಹಾಕುತ್ತದೆಂದು ಇಂಗ್ಲಿಷಿನವರು ಅದನ್ನು ಕಳ್ಳುಬೆಕ್ಕು ಎಂದೇ ಕರೆದರು. ರಾತ್ರಿ ಹಣ್ಣು ನುಂಗಿ, ಎಲ್ಲೋ ಬಂಡೆಯ ಮೇಲೆ, ಬಿದ್ದ ಮರದ ಮೇಲೆ ಹಿಕ್ಕೆ ಹಾಕುತ್ತದೆ. ಬೀಜ ಹಾಗೇ ಇಡಿಯಾಗಿ ಹೊರಗೆ. ಬೆಳಿಗ್ಗೆ ಅಂಗಳದ ಮೂಲೆಯಲ್ಲೋ ಹಂಚಿನ ಮೇಲೋ ಕಪ್ಪು ಬೀಜಗಳ ಗುಪ್ಪೆ ಕಂಡು ಬೈದುಕೊಂಡವರು ಇಲ್ಲಿ ಇರಬಹುದು. ನಾಳೆಯಿಂದ ಸ್ವಲ್ಪ ಮೆಲ್ಲಗೆ ಬೈಯಿರಿ.

ಕಾಡುಬೆಕ್ಕು, ಮಂಗಟ್ಟೆ ಹಕ್ಕಿ ಇಂಥವು ಬೇಟೆಗೋ ರಸ್ತೆಗೋ ಬಲಿಯಾದರೆ ಮರಕ್ಕೆ ಕೊಡಲಿ ತಾಗುವುದಿಲ್ಲ, ಹೂ ಬಿಡುತ್ತದೆ, ಹಣ್ಣು ಬಿಡುತ್ತದೆ. ಹಣ್ಣೆಲ್ಲ ಬುಡದಲ್ಲೇ ರಾಶಿ. ಪನಾಮಾ ದೇಶದ ಕಾಡಿನಲ್ಲಿ ಎರಡು ಜಾತಿಯ ತಾಳೆಗಳ ಮೇಲೆ ನಡೆದ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ಕಳ್ಳಬೇಟೆ ಇಲ್ಲದ ಕಡೆ ಬೀಜಗಳಲ್ಲಿ ಹೆಚ್ಚಿನವು ತಾಯಿಮರದಿಂದ ದೂರ ಹೋಗಿದ್ದವು, ಬೇಟೆ ಜಾಸ್ತಿ ಇದ್ದ ಕಡೆ ಹೆಚ್ಚಿನವು ಅಲ್ಲೇ ಬಿದ್ದಿದ್ದವು. ಅಲ್ಲಿ ಬೀಜ ಸಾಗಿಸುವುದು ಅಗೂಟಿ ಎಂಬ ಇಲಿಜಾತಿಯ, ಮೊಲದ ಗಾತ್ರದ ಪ್ರಾಣಿ. ತಿಂದು ಉಳಿದದ್ದನ್ನು ನೆಲದಲ್ಲಿ ಹೂತಿಡುತ್ತದೆ, ಇನ್ನೊಂದು ಅಗೂಟಿ ಬಂದು ಕದ್ದು ಬೇರೆ ಕಡೆ ಹೂಳುತ್ತದೆ. ಬೀಜಕ್ಕೆ ಸಣ್ಣ ರೇಡಿಯೋ ಕಟ್ಟಿ ಹಿಂಬಾಲಿಸಿದ ಇನ್ನೊಂದು ಅಧ್ಯಯನದಲ್ಲಿ, 2012ರದ್ದು, ಒಂದೇ ಬೀಜವನ್ನು 36 ಸಲ ಹೂತಿದ್ದವು. ನಮ್ಮ ತಾಲೂಕು ಕಚೇರಿಯ ಕಡತವೂ ಅಷ್ಟು ಮೇಜು ಸುತ್ತಲಿಕ್ಕಿಲ್ಲ.

ಬ್ರೆಜಿಲಿನ ಅಟ್ಲಾಂಟಿಕ್ ಕರಾವಳಿಯ ಕಾಡಿನಲ್ಲಿ ಇದಕ್ಕಿಂತ ಆಶ್ಚರ್ಯದ ಸಂಗತಿ ಕಂಡಿತು. ಅಲ್ಲಿ ಜುಸಾರ ಎಂಬ ತೆಳ್ಳಗಿನ ತಾಳೆ ಇದೆ, ದೂರದಿಂದ ನೋಡಿದರೆ ನಮ್ಮ ಅಡಿಕೆಯೇ ಅನ್ನಬೇಕು. ಅದರ ಸುಳಿ ತಿನ್ನಲು ಬಹಳ ರುಚಿ, ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಒಂದೇ ಕಾಂಡ, ಒಂದೇ ಸುಳಿ. ಒಂದು ಡಬ್ಬಿಗಾಗಿ ಮರವೇ ಹೋಗುತ್ತದೆ. ಕದ್ದು ಕಡಿದೂ ಕಡಿದೂ ಎಷ್ಟೋ ಕಡೆ ಅದು ಕಾಣೆಯಾಯಿತು. ಆದರೆ ನಾನು ಹೇಳಬೇಕೆಂದದ್ದು ಕೊಡಲಿ ತಾಗದೆ ಉಳಿದ ಮರಗಳ ಕಥೆ. ಅದರ ಬೀಜ ಸಾಗಿಸುವವರಲ್ಲಿ ದೊಡ್ಡ ಕೊಕ್ಕಿನ ಟುಕಾನ್ ಹಕ್ಕಿ ಮುಖ್ಯ. ಕಾಡು ಸಣ್ಣ ತುಂಡುಗಳಾದ ಕಡೆ ಟುಕಾನ್ ಹೋಯಿತು, ಸಣ್ಣ ಬಾಯಿಯ ಹಕ್ಕಿಗಳು ಉಳಿದವು. ಅವಕ್ಕೆ ದೊಡ್ಡ ಬೀಜ ನುಂಗಲಾಗದು. 22 ಕಡೆಯ ಮರಗಳನ್ನು ಹೋಲಿಸಿ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು: ದೊಡ್ಡ ಹಕ್ಕಿಗಳಿಲ್ಲದ ಕಾಡುಗಳಲ್ಲಿ ಜುಸಾರದ ಬೀಜವೇ ಸಣ್ಣದಾಗಿದೆ, 12 ಮಿಲಿಮೀಟರಿಗಿಂತ ದಪ್ಪದ ಬೀಜ ಅಲ್ಲಿ ಕಾಣುವುದೇ ಇಲ್ಲ. ಸುಮಾರು ನೂರು ವರ್ಷದೊಳಗೆ ಇಷ್ಟಾಗಿರಬಹುದು ಎಂಬುದು ಅವರ ಅಂದಾಜು. ಸಣ್ಣ ಬೀಜ ಬೇಗ ಒಣಗುತ್ತದೆ, ಬಿಸಿಲು ಹೆಚ್ಚಾದರೆ ಮೊಳೆಯುವುದು ಕಷ್ಟ. ಹಕ್ಕಿ ಹೋದದ್ದಕ್ಕೆ ಮರ ತನ್ನ ಬೀಜವನ್ನೇ ಕುಗ್ಗಿಸಿಕೊಂಡಿತು ಎಂದರೆ ಕೇಳಲು ಚೆಂದ, ಆದರೆ ನಿಜವಾಗಿ ನಡೆದದ್ದು ದಪ್ಪ ಬೀಜದ ಮರಗಳಿಗೆ ಸಂತಾನ ಇಲ್ಲವಾದದ್ದು.

ಮಾತು ಇಲ್ಲಿಗೆ ಬಂದಾಗ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಹಣ್ಣಿಗಾಗಿ ಮರ ಕಡಿಯುವವರು ಯಾರಾದರೂ ಇದ್ದಾರಾ?" ಇದ್ದಾರಪ್ಪ. ಪೆರು ದೇಶದ ಇಕ್ವಿಟೋಸ್ ಪೇಟೆಯಲ್ಲಿ ಅಗ್ವಾಹೆ ಎಂಬ ತಾಳೆಹಣ್ಣಿಗೆ ನಮ್ಮ ಮಾರುಕಟ್ಟೆಯ ಮಾವಿನಹಣ್ಣಿನಷ್ಟೇ ಗಿರಾಕಿ. ಅದು ಜೌಗು ಕಾಡಿನ ಎತ್ತರದ ಮರ, ಏರುವುದು ಕಷ್ಟ, ಹಾಗಾಗಿ ಬುಡಕ್ಕೇ ಕೊಡಲಿ. ಆ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಣ್ಣಿರುವುದು ಹೆಣ್ಣಿನಲ್ಲಿ, ಕಡಿಯುವುದೂ ಹೆಣ್ಣನ್ನೇ. ಊರಿಗೆ ಹತ್ತಿರದ ಜೌಗುಗಳಲ್ಲಿ ಬರೀ ಗಂಡು ಮರಗಳು ಉಳಿದವು. ಮೇಲಿನಿಂದ ನೋಡಿದರೆ ಹಸಿರು ಕಾಡು. ಈಗ ಕೆಲವು ಊರಿನವರು ಸಲಕರಣೆ ಕಟ್ಟಿಕೊಂಡು ಮರ ಏರಿ ಗೊನೆ ಇಳಿಸುವುದನ್ನು ಕಲಿತಿದ್ದಾರೆ. ಅಡಿಕೆ ಮರದಿಂದ ಮರಕ್ಕೆ ನೇತಾಡಿಕೊಂಡು ಹೋಗುವ ನಮ್ಮವರನ್ನು ಕಂಡರೆ ಅವರು ಏನನ್ನುತ್ತಾರೋ.

ನಮ್ಮ ಬೆತ್ತದಲ್ಲೂ ಗಂಡು ಹೆಣ್ಣು ಬೇರೆ. ಬೆತ್ತ ಕೊಯ್ಯುವವನು ಗಂಡೋ ಹೆಣ್ಣೋ ನೋಡುವುದಿಲ್ಲ, ಉದ್ದ ನೋಡುತ್ತಾನೆ. ಕುರ್ಚಿಗೆ, ಬುಟ್ಟಿಗೆ ಉದ್ದವೇ ಬೇಕು. ಬೆತ್ತ ಅಷ್ಟು ಉದ್ದ ಆಗುವ ಹೊತ್ತಿಗೇ ಅದು ಹೂ ಬಿಡುವ ಪ್ರಾಯಕ್ಕೆ ಬರುವುದು. ಕೆಲವು ಜಾತಿಗಳು ಮೆಳೆಯಾಗಿ ಬೆಳೆಯುತ್ತವೆ, ಒಂದು ಕೊಯ್ದರೆ ಬುಡದಿಂದ ಇನ್ನೊಂದು ಬರುತ್ತದೆ. ಒಂಟಿ ಕಾಂಡದ ಜಾತಿಗಳಿಗೆ ಆ ಭಾಗ್ಯ ಇಲ್ಲ. ಮಾರುವ ಕಟ್ಟಿನಲ್ಲಿ ಎರಡೂ ಒಂದೇ ಹಾಗೆ ಕಾಣುತ್ತವೆ. ನಾಗಬೆತ್ತದ ಕಥೆ ಇನ್ನೂ ಬೇರೆ. ಕರ್ನಾಟಕದ ಘಟ್ಟದ ಕಾಡುಗಳಲ್ಲಿ ಮಾತ್ರ ಇರುವ ಜಾತಿ, ವಿಜ್ಞಾನದ ಪುಸ್ತಕಕ್ಕೆ ಸೇರಿದ್ದು ಕಳೆದ ಶತಮಾನದ ಕೊನೆಯಲ್ಲಿ. ಹಾವಿನ ಹೆಡೆಯ ನೆನಪು ತರುವ ಅದರ ರೂಪಕ್ಕೆ ಆ ಹೆಸರು. ಮನೆಯಲ್ಲಿಟ್ಟರೆ ಹಾವು ಬರುವುದಿಲ್ಲ ಎಂಬ ನಂಬಿಕೆಯಿಂದ ಕಾಡಿನಿಂದ ತೆಗೆದು ಮಾರುವುದುಂಟು. ನಾಗನಿಗೆ ತನು ಹಾಕುವ ಊರಿನಲ್ಲಿ, ಬನ ಕಾಯುವ ಊರಿನಲ್ಲಿ, ಹಾವು ಬಾರದಿರಲಿ ಎಂದು ಬೆತ್ತ ಕಿತ್ತು ತರುವುದು ನನಗೆ ಅರ್ಥವಾಗಿಲ್ಲ.

ನಂಬಿಕೆಯಿಂದಲೇ ಏಟು ತಿಂದ ಇನ್ನೊಂದು ಮರ ಶ್ರೀತಾಳೆ, ತುಳುವಿನ ಪನೋಲಿ. ಇದು ಕಾಡಿನದೋ ಊರಿನದೋ ಎಂದು ಗೆರೆ ಎಳೆಯಲಾಗದಷ್ಟು ಹಿಂದಿನಿಂದ ಜನರ ಜೊತೆಗಿದೆ. ತುಳು ಲಿಪಿಯ ಓಲೆಗ್ರಂಥಗಳಿಗೆ ಇದರ ಗರಿ, ಮಳೆಗೆ ಹಿಡಿಯುವ ತತ್ರಕ್ಕೂ ಇದರ ಗರಿ. ಮೂವತ್ತರಿಂದ ಎಂಬತ್ತು ವರ್ಷದೊಳಗೆ ಒಂದೇ ಒಂದು ಸಲ ನೆತ್ತಿಯ ಮೇಲೆ ಹೂ. ಸಸ್ಯಲೋಕದಲ್ಲೇ ಅಷ್ಟು ದೊಡ್ಡ ಹೂಗೊಂಚಲು ಬೇರೆ ಇಲ್ಲ. ಕಾಯಿ ಬಲಿತ ಮೇಲೆ ಮರ ಸಾಯುತ್ತದೆ. ಪನೋಲಿ ಹೂ ಬಿಟ್ಟರೆ ಊರಿಗೆ ಕೇಡು ಎಂದು ಹೂ ಹೊರಟ ಕೂಡಲೇ ಕಡಿಸಿದವರು ನಮ್ಮ ಕಡೆ ಇದ್ದಾರೆ. ನಲವತ್ತೈವತ್ತು ವರ್ಷ ಕಾದ ಮರವನ್ನು ಬೀಜಕ್ಕೆ ಒಂದು ವರ್ಷ ಇರುವಾಗ ಕಡಿದಂತೆ. ಹತ್ತು ವರ್ಷದ ಗಿಡ ಕಡಿದಿದ್ದರೂ ಇಷ್ಟು ನಷ್ಟ ಆಗುತ್ತಿರಲಿಲ್ಲ.

ಇನ್ನು ಯಾರೂ ಏನೂ ಕಡಿಯದೆ ಆಗುವ ಬದಲಾವಣೆ. ಕಾಡಡಿಕೆ ಎಂದರೆ ಹೆಬ್ಬೆರಳಿನಿಂದ ಊರುಗೋಲಿನಷ್ಟು ದಪ್ಪದ, ಹಸಿರು ಗೀರುಗಳ ಕಾಂಡದ, ಮೆಳೆಯಾಗಿ ಬೆಳೆಯುವ ಪುಟ್ಟ ತಾಳೆ. ಕುದುರೆಮುಖದ ಕೆಳಗಿನ ಕಾಡುಗಳಲ್ಲಿ, ತೋಡಿನ ಪಕ್ಕದ ದಟ್ಟ ನೆರಳಿನಲ್ಲಿ ಇದು ಗುಂಪಾಗಿ ನಿಂತದ್ದನ್ನು ನೋಡಬೇಕು, ಯಾರೋ ಮಕ್ಕಳಿಗಾಗಿ ಸಣ್ಣ ಅಡಿಕೆ ತೋಟ ಮಾಡಿಟ್ಟ ಹಾಗಿರುತ್ತದೆ. ಇದರ ಮೇಲಿನ ದೊಡ್ಡ ಮರ ನಾಲ್ಕು ಹೋದರೆ ಸಾಕು, ಬಿಸಿಲು ನೇರ ಬೀಳುತ್ತದೆ, ಮಣ್ಣಿನ ತೇವ ಮಾರ್ಚಿಗೇ ಆರುತ್ತದೆ, ಎಲೆ ಸುಟ್ಟ ಹಾಗಾಗುತ್ತದೆ. ರಸ್ತೆಯ ಅಂಚಿನಿಂದ ಒಳಕ್ಕೆ ಎಷ್ಟೋ ಮಾರು ಈ ಒಣಗಾಳಿ ನುಗ್ಗುತ್ತದೆ. ನಮ್ಮ ಕಡೆ ಕಾಡಿಗೂ ತೋಟಕ್ಕೂ ನಡುವೆ ಕುಮ್ಕಿ ಇತ್ತು. ವರ್ಗದ ಜಾಗದಿಂದ, ಅಂದರೆ ಖಾಸಗಿ ಹಿಡುವಳಿಯಿಂದ, ನೂರು ಗಜದೊಳಗಿನ ಸರಕಾರಿ ನೆಲ, ಸೊಪ್ಪು ಸೌದೆಗೆ ಬಿಟ್ಟದ್ದು. ಅದೊಂದು ನೆರಳಿನ ಅಂಚು. ಸೊಪ್ಪು ಕಡಿದರೂ ಬುಡ ಇರುತ್ತಿತ್ತು, ಬೈನೆಯ ಮರಿಗಳೂ ಅಲ್ಲಿರುತ್ತಿದ್ದವು. ಈಗ ಎಷ್ಟೋ ಕುಮ್ಕಿಗಳಲ್ಲಿ ರಬ್ಬರು. ಸಾಲಿನ ನಡುವೆ ಹುಲ್ಲು ಕೊಚ್ಚುವ ಯಂತ್ರ ಓಡಿದರೆ ಬೈನೆಯ ಮರಿಯೂ ಹುಲ್ಲಿನ ಲೆಕ್ಕಕ್ಕೇ ಹೋಗುತ್ತದೆ. ನಾನೂ ತೋಟದವನೇ, ರಬ್ಬರಿನ ಬೆಲೆ ಗೊತ್ತಿದ್ದವನೇ. ಗೊತ್ತಿದ್ದೂ ಹೇಳುತ್ತಿದ್ದೇನೆ.

ಎಲ್ಲ ತಾಳೆಗಳೂ ಸೋಲುತ್ತವೆ ಎಂದು ತಿಳಿಯಬೇಡಿ. ಬ್ರೆಜಿಲಿನ ಬಬಸ್ಸು ಎಂಬ ತಾಳೆಯ ಮೊಳಕೆ ಮೊದಲು ನೆಲದೊಳಕ್ಕೆ ಇಳಿಯುತ್ತದೆ, ಸುಳಿ ವರ್ಷಗಟ್ಟಲೆ ಮಣ್ಣಿನಡಿಯಲ್ಲೇ ಇರುತ್ತದೆ. ಕಾಡು ಕಡಿದು ಬೆಂಕಿ ಕೊಟ್ಟರೆ ಬೇರೆಲ್ಲ ಸತ್ತು ಬಬಸ್ಸು ಮಾತ್ರ ಏಳುತ್ತದೆ, ಮೈಲಿಗಟ್ಟಲೆ ಅದೇ. ಅಸಾಯಿ ಎಂಬ ಇನ್ನೊಂದು ತಾಳೆಗೆ ಪೇಟೆ ಬಂದ ಮೇಲೆ ಅಮೆಜಾನಿನ ನದೀಮುಖದಲ್ಲಿ ಬೇರೆ ಮರಗಳನ್ನು ತೆಗೆದು ಅದನ್ನೇ ಹೆಚ್ಚಿಸಿದರು. ಅಲ್ಲಿ ತಾಳೆ ಗೆದ್ದಿತು, ಕಾಡು ಸೋತಿತು. ಅಡಿಕೆ ತೋಟದವರಾದ ನಮಗೆ ಇದು ವಿವರಿಸಬೇಕಾದ ವಿಷಯವಲ್ಲ.

"ಗರಿ ಮಾತ್ರ ಕೊಯ್ದರೆ?" ಎಂದು ಮಂಗಳೂರಿನಿಂದ ಬಂದಿದ್ದ ಅಧ್ಯಾಪಕರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಮಂಗಳೂರಿನ ಇಗರ್ಜಿಗಳಲ್ಲಿ ಗರಿಗಳ ಭಾನುವಾರಕ್ಕೆ ತೆಂಗಿನ ಎಳೆಗರಿ ಸಾಕು, ತೆಂಗು ಮನೆಮರ. ಅಮೆರಿಕದ ಇಗರ್ಜಿಗಳಿಗೆ ಅದೇ ಹಬ್ಬಕ್ಕೆ ಮೆಕ್ಸಿಕೋ, ಗ್ವಾಟೆಮಾಲಾದ ಕಾಡಿನೊಳಗಿನ ಪುಟ್ಟ ತಾಳೆಯ ಗರಿ ಹೋಗುತ್ತದೆ. ನೆರಳಿನ ಗಿಡಕ್ಕೆ ವರ್ಷಕ್ಕೆ ಬರುವುದೇ ನಾಲ್ಕಾರು ಗರಿ. ಒಂದೆರಡು ತೆಗೆದರೆ ತಾಳಿಕೊಳ್ಳುತ್ತದೆ, ಬೋಳಿಸಿದರೆ ಹೂ ಬಿಡುವುದನ್ನು ನಿಲ್ಲಿಸುತ್ತದೆ. ನೋಡುವವರಿಗೆ ಗಿಡ ಹಸಿರಾಗಿಯೇ ಇರುತ್ತದೆ. ನಮ್ಮ ಘಟ್ಟದ ಹುಲ್ಲುಗಾವಲಿನ ಗಿಡ್ಡ ಈಚಲಿನಿಂದ ಪೊರಕೆ ಕಟ್ಟುವವರಿದ್ದಾರೆ. ಅಲ್ಲಿ ಪೊರಕೆಯದ್ದೊಂದೇ ಲೆಕ್ಕ ಹಾಕಿದರೆ ಸಾಲದು, ಬೆಂಕಿ ಮತ್ತು ದನಗಳ ಲೆಕ್ಕವನ್ನೂ ಜೊತೆಗೆ ಹಿಡಿಯಬೇಕು.

ಮಾತು ಮುಗಿದು ಚಹಾದ ಹೊತ್ತಿಗೆ ಕಾರ್ಕಳದ ಕಡೆಯ ಅಮ್ಮ ಒಬ್ಬರು ಹತ್ತಿರ ಬಂದರು. "ಮಾಷ್ಟ್ರೇ, ನಮ್ಮ ಹಿತ್ತಿಲಲ್ಲಿ ಬೈನೆ ನೆಟ್ಟರೆ ಆದೀತಾ?" ನನ್ನ ಚೀಲದಲ್ಲಿ ತೊಳೆದು ತಂದ ಬೀಜ ಇತ್ತು, ಏಳು ಕೊಟ್ಟೆ. ಮೊಳೆಯಲು ತಿಂಗಳುಗಟ್ಟಲೆ ಬೇಕು, ಮಡಕೆ ಒಣಗಲು ಬಿಡಬೇಡಿ, ಕೊಳೆಯಿತೆಂದು ಎಸೆಯಬೇಡಿ, ಮೊದಮೊದಲು ಗಿಡಕ್ಕೆ ನೆರಳು ಇರಲಿ ಎಂದೆ. "ಹೂ ಬಿಡುವುದು ನೋಡಲು ನಾನಿರುತ್ತೇನಾ?" ಎಂದು ನಕ್ಕರು. ಮೊಮ್ಮಗ ಜೊತೆಗಿದ್ದ, ಬೀಜದ ಪೊಟ್ಟಣ ಅವನ ಅಂಗಿ ಕಿಸೆಗೆ ಹೋಯಿತು. ನಾಲ್ಕು ಹೆಜ್ಜೆ ಹೋದ ಮೇಲೆ ನೆನಪಾಗಿ ಕರೆದು ಹೇಳಿದೆ, ಬಾವಿಕಟ್ಟೆಯ ಪಕ್ಕ, ಬಟ್ಟೆ ಒಣಗಿಸುವ ಹಗ್ಗದ ಪಕ್ಕ ಮಾತ್ರ ನೆಡಬೇಡಿ, ಹಣ್ಣು ಉದುರಿದರೆ ತುರಿಕೆ ತಡೆಯಲಿಕ್ಕಾಗುವುದಿಲ್ಲ.